ಆಷಾಢದಲ್ಲಿ ಧ್ವನಿಮುದ್ರಣ, ಕಾರ್ತಿಕದಲ್ಲಿ ಊರೂರು: ಹಾಡುವ ತಂಡಗಳಿಗೆ ಕೆಲಸದ ಮಾತು

ಮೈಸೂರು, ಮಂಡ್ಯ ಭಾಗದ ಹಾಡುಗಾರ ತಂಡಗಳಿಗೆ ವರ್ಷದಲ್ಲಿ ನಿಜವಾದ ಬಿಡುವು ಸಿಗುವುದು ಆಷಾಢದಲ್ಲಿ. ಆಗ ಮದುವೆಗಳಿರುವುದಿಲ್ಲ, ಸಂಕ್ರಾಂತಿಯ ನಂತರ ಶುರುವಾದ ಜಾತ್ರೆಗಳು ಮುಗಿದಿರುತ್ತವೆ, ತಬಲದವರೂ ಕೀಬೋರ್ಡಿನವರೂ ಕರೆದ ದಿನ ಬರುತ್ತಾರೆ, ಸ್ಟುಡಿಯೋದವರು ಬಾಡಿಗೆಯಲ್ಲಿ ಚೌಕಾಸಿಗೆ ಒಪ್ಪುತ್ತಾರೆ. ಗಣೇಶನನ್ನು ಕೂರಿಸಿದ ದಿನದಿಂದ ದಸರಾ ದಾಟಿ ನವೆಂಬರಿನ ರಾಜ್ಯೋತ್ಸವ ಮುಗಿಯುವವರೆಗೆ ಇದೇ ಜನ ಒಂದೆಡೆ ಕೂಡಿ ಕುಳಿತುಕೊಳ್ಳುವುದೂ ಕಷ್ಟ. ಆದ್ದರಿಂದ ಹಾಡುಗಳನ್ನು ಆಷಾಢದಲ್ಲಿ ಮುದ್ರಿಸಿಕೊಂಡು, ಹಬ್ಬದ ಸಾಲಿನಲ್ಲಿ ಅವನ್ನೇ ಹೊತ್ತು ಊರೂರು ತಿರುಗುವುದು ಒಳ್ಳೆಯ ಕ್ರಮ. ಭಾವಗೀತೆ ಮತ್ತು ಜಾನಪದ ಹಾಡುವ ಸಣ್ಣ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮುದ್ರಣ ಮತ್ತು ತಿರುಗಾಟ ಎರಡನ್ನೂ ಒಂದೇ ಕೆಲಸವೆಂದು ಎಣಿಸಬೇಕು, ವೇದಿಕೆಯ ಮೇಲೆ ಸತತ ಮೂರನೆಯ ರಾತ್ರಿಯೂ ಹಾಡಲು ಬರುವಂಥದ್ದನ್ನೇ ಸ್ಟುಡಿಯೋದಲ್ಲಿ ಹಾಡಬೇಕು ಎಂಬುದು ನನ್ನ ಅಭಿಪ್ರಾಯ.

ಶ್ರುತಿಯ ತೀರ್ಮಾನ

ಈ ಮಾತು ಮೊದಲು ಅನ್ವಯಿಸುವುದು ಶ್ರುತಿಗೆ. ವಿಶ್ರಾಂತಿ ಪಡೆದ ಗಂಟಲು, ಸದ್ದಿಲ್ಲದ ಕೋಣೆ, ಕಿವಿಯಲ್ಲಿ ಹೆಡ್‌ಫೋನ್ ಇರುವಾಗ ಗಾಯಕಿಗೆ ಕರಿ ನಾಲ್ಕರಲ್ಲಿಯೂ (ಹಾರ್ಮೋನಿಯಂನ ನಾಲ್ಕನೆಯ ಕರಿ ಕೀಲಿಯ ಶ್ರುತಿ) ಮೇಲಿನ ಪಂಚಮ ಸಲೀಸಾಗಿ ಸಿಗುತ್ತದೆ. ಅದೇ ಹಾಡನ್ನು ಮಳವಳ್ಳಿಯಲ್ಲೋ ನಾಗಮಂಗಲದಲ್ಲೋ ಇಬ್ಬನಿ ಬೀಳುವ ಬಯಲಿನಲ್ಲಿ, ಭಾಷಣಗಳೆಲ್ಲ ಮುಗಿದ ಮೇಲೆ ಹಾಡುವಾಗ ಗಂಟಲು ಏರುವುದಿಲ್ಲ; ಕೇಳುಗರು ಫೋನಿನಲ್ಲಿ ಕೇಳಿ ಬಂದಿರುವುದು ಮಾತ್ರ ಎತ್ತರದ ಶ್ರುತಿಯನ್ನು. ಆದ್ದರಿಂದ ಶ್ರುತಿಯನ್ನು ತಾಲೀಮಿನ ಆರಂಭದಲ್ಲಿ ಗೊತ್ತುಮಾಡದೆ, ಎರಡು ತಾಸು ಬೇರೆ ಹಾಡುಗಳನ್ನೆಲ್ಲ ಹಾಡಿ ದಣಿದ ಮೇಲೆ ಗೊತ್ತುಮಾಡಬೇಕು. ದಣಿದ ಗಂಟಲಿಗೆ ಬಿಳಿ ಐದು ಹಿತವಾದರೆ ಅದೇ ಇರಲಿ. ಅರ್ಧ ಮನೆ ಕೆಳಗಿಳಿದದ್ದು ಕೇಳುಗರಿಗೆ ತಿಳಿಯುವುದಿಲ್ಲ. ಎಟುಕದ ಸ್ವರ ಎಲ್ಲರಿಗೂ ತಿಳಿಯುತ್ತದೆ.

ಜೊತೆಗೆ ಹಾರ್ಮೋನಿಯಂ ಇದ್ದರೆ ಇನ್ನೊಂದು ತೊಡಕಿದೆ. ಹಳೆಯ ಹಾರ್ಮೋನಿಯಂಗಳ ರೀಡುಗಳು ಕೀಬೋರ್ಡಿನ ಶ್ರುತಿಗಿಂತ ಕೂದಲೆಳೆಯಷ್ಟು ಮೇಲೋ ಕೆಳಗೋ ಇರುತ್ತವೆ. ಬೇರೆ ಬೇರೆಯಾಗಿ ಕೇಳಿದರೆ ಎರಡೂ ಸರಿ. ಕೂಡಿ ನುಡಿಸಿದರೆ ಅಲೆಯಲೆಯಾದ ಅಪಸ್ವರ ಎದ್ದು ಬರುತ್ತದೆ. ರೀಡನ್ನು ನಿಂತ ನಿಲುವಿನಲ್ಲಿ ತಿದ್ದಲಾಗದು. ಕೀಬೋರ್ಡನ್ನೂ ಫೋನಿನ ತಂಬೂರಿಯನ್ನೂ ಸೆಂಟ್‌ಗಳ (ಸೆಂಟ್ ಎಂದರೆ ಅರ್ಧ ಮನೆಯ ನೂರನೆಯ ಒಂದು ಪಾಲು) ಲೆಕ್ಕದಲ್ಲಿ ಏರಿಳಿಸಬಹುದು. ಹಾಗಾಗಿ ಉಳಿದವರೆಲ್ಲ ಹಾರ್ಮೋನಿಯಂಗೆ ಹೊಂದಿಕೊಳ್ಳಬೇಕು. ಕೊಳಲಿನವರಿಗೆ ಪ್ರತಿ ಶ್ರುತಿಗೂ ಬೇರೆ ಕೊಳಲು ಬೇಕಾಗುವುದರಿಂದ ಹಾಡುಗಳ ಪಟ್ಟಿಯನ್ನು ಶ್ರುತಿಯ ಸಮೇತ ಅವರಿಗೆ ವಾರದ ಮೊದಲೇ ಕಳುಹಿಸಬೇಕು. ಪ್ರತಿ ಹಾಡಿಗೂ ಅರ್ಧ ಹಾಳೆಯಲ್ಲಿ ಶ್ರುತಿ, ತಾಳ, ನಡೆಯ ವೇಗ, ಯಾವ ಚರಣದ ನಂತರ ಎಷ್ಟು ಆವರ್ತದ ವಾದ್ಯಭಾಗ ಎಂದು ಬರೆದಿಟ್ಟರೆ ಸ್ಟುಡಿಯೋದಲ್ಲಿ ಅರ್ಧ ದಿನ ಉಳಿಯುತ್ತದೆ, ವೇದಿಕೆಯ ಮೇಲೆ ಹೊಸ ತಬಲದವರು ಬಂದು ಕೂತರೂ ಹಾಡು ನಿಲ್ಲುವುದಿಲ್ಲ.

ಚರ್ಮವಾದ್ಯಗಳ ದಿನ

ಆಷಾಢದ ಒಂದು ದೋಷವೆಂದರೆ ಅದರ ತೇವ. ಗಾಳಿಯಲ್ಲಿ ತೇವವಿದ್ದಾಗ ಚರ್ಮ ಸಡಿಲಗೊಂಡು ನಾದ ಇಳಿಯುತ್ತದೆ. ತಬಲಕ್ಕೆ ಗಟ್ಟಗಳನ್ನು ಸುತ್ತಿಗೆಯಿಂದ ಬಡಿದು ಬಿಗಿಮಾಡಬಹುದು. ತಮಟೆಗೆ ಅಂಥ ಅನುಕೂಲವಿಲ್ಲ, ಅದನ್ನು ಕಾಯಿಸಲೇಬೇಕು. ಕಾಯಿಸುವ ಕೆಲಸವನ್ನು ಹತ್ತಿರದಿಂದ ನೋಡದ ಧ್ವನಿಮುದ್ರಕರು ತಮಟೆಯವರನ್ನು ಒಳಗೆ ಕೂರಿಸಿ, ಮೈಕ್ ಸರಿಪಡಿಸುತ್ತ ಮುಕ್ಕಾಲು ಗಂಟೆ ಕಳೆಯುತ್ತಾರೆ. ಅಷ್ಟರಲ್ಲಿ ತಮಟೆ ತಣ್ಣಗಾಗಿ ಡಬ್ಬದಂತೆ ಬಡಿದುಕೊಳ್ಳುತ್ತದೆ. ಮಾಡಬೇಕಾದದ್ದು ಹೀಗೆ. ಮೈಕಿನ ಜಾಗ ಮತ್ತು ಮಟ್ಟವನ್ನು ಕಾಯಿಸದ ತಮಟೆಯಲ್ಲಿಯೇ ಗೊತ್ತುಮಾಡಿ, ಕಾದ ಮೇಲೆ ಸದ್ದು ಏರುತ್ತದೆಂದು ಮಟ್ಟವನ್ನು ಸ್ವಲ್ಪ ತಗ್ಗಿಸಿಡಬೇಕು. ಸ್ಟುಡಿಯೋದ ಗೇಟಿನ ಹೊರಗೆ, ಅಕ್ಕಪಕ್ಕದವರಿಗೆ ತಿಳಿಸಿ, ಒಣ ಹುಲ್ಲಿನ ಸಣ್ಣ ಉರಿ ಹಾಕಬೇಕು. ತಮಟೆಯವರು ಉರಿಯ ಮೇಲೆ ಅದನ್ನು ತಿರುಗಿಸುತ್ತ, ನಡುನಡುವೆ ಬೆರಳ ತುದಿಯಿಂದ ಅಂಚನ್ನೂ ನಡುವನ್ನೂ ತಟ್ಟಿ ನೋಡಿ, ಎರಡೂ ಕಡೆ ಒಂದೇ ಬಗೆಯ ಕಂಚಿನ ನಾದ ಬಂದಾಗ ಒಳಗೆ ತರುತ್ತಾರೆ. ಆಗ ಯಾರೂ ಮಾತಾಡಿಸದೆ ನೇರವಾಗಿ ಟೇಕ್ ತೆಗೆದುಕೊಳ್ಳಬೇಕು. ಎರಡು ತಮಟೆ ಇದ್ದರೆ ಒಂದು ನುಡಿಯುವಾಗ ಇನ್ನೊಂದು ಹೊರಗೆ ಕಾಯುತ್ತಿರುತ್ತದೆ. ಕೂದಲು ಒಣಗಿಸುವ ಯಂತ್ರದಲ್ಲಿ ಕಾಯಿಸುವವರೂ ಇದ್ದಾರೆ. ಆ ಶಾಖ ಹುಲ್ಲಿನ ಉರಿಯಷ್ಟು ಸಮನಾಗಿ ಹರಡುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ತಮಟೆಗೆ ಈ ತಾಪತ್ರಯ ಯಾವುದೂ ಇಲ್ಲ. ಮೆರವಣಿಗೆಗೆ ಅದು ಸಾಕು, ಮುದ್ರಣಕ್ಕೆ ನಾನು ಒಪ್ಪುವುದಿಲ್ಲ.

ಹವಾನಿಯಂತ್ರಣವನ್ನು ದಿನವಿಡೀ ಒಂದೇ ಮಟ್ಟದಲ್ಲಿಡಬೇಕು, ಇಲ್ಲವೇ ದಿನವಿಡೀ ಆರಿಸಿಬಿಡಬೇಕು. ಟೇಕಿಗೊಮ್ಮೆ ಆರಿಸಿ, ಬಿಡುವಿನಲ್ಲಿ ಹಾಕಿದರೆ ಮೃದಂಗದ ಬಲಗಡೆಯೂ ತಬಲವೂ ಒಂದು ಶ್ರುತಿಯಲ್ಲಿ ನಿಲ್ಲುವುದಿಲ್ಲ. ಮೃದಂಗದ ತೊಪ್ಪಿಗೆ, ಅಂದರೆ ಎಡಗಡೆಗೆ, ಹಚ್ಚಿದ ರವೆಯೂ ಒಣಗುತ್ತ ಹೋಗುವುದರಿಂದ ಪ್ರತಿ ಬಿಡುವಿನಲ್ಲೂ ಒದ್ದೆ ಬೆರಳಿನಿಂದ ಅದನ್ನು ಸವರಿ ನೋಡಬೇಕಾಗುತ್ತದೆ.

ಮುದ್ರಣದ ಕ್ರಮ

ಕೀಬೋರ್ಡ್, ರಿದಂ ಪ್ಯಾಡ್ ಇರುವ ಭಾವಗೀತೆಗಳನ್ನು ಕ್ಲಿಕ್ (ಹೆಡ್‌ಫೋನಿನಲ್ಲಿ ಲಯ ತೋರಿಸುವ ಟಿಕ್‌ಟಿಕ್ ಸದ್ದು) ಹಾಕಿಕೊಂಡು ಪದರ ಪದರವಾಗಿ ಮುದ್ರಿಸುವುದರಿಂದ ನಷ್ಟವಿಲ್ಲ. ಕಂಸಾಳೆಯವರ, ನೀಲಗಾರರ ಹಾಡಿನ ಸಂಗತಿ ಬೇರೆ. ಮಾದೇಶ್ವರನ ಪದವಾಗಲಿ ಮಂಟೇಸ್ವಾಮಿಯ ಪದವಾಗಲಿ ನಿಧಾನವಾಗಿ ಎದ್ದು ಕ್ರಮೇಣ ವೇಗ ಪಡೆಯುವುದೇ ಅದರ ಸ್ವಭಾವ. ಅಲ್ಲಿ ಕ್ಲಿಕ್ ಹಾಕಿದರೆ ಹಾಡುಗಾರರು ಯಂತ್ರವನ್ನು ಹಿಂಬಾಲಿಸುತ್ತಾರೆ, ಸೊಲ್ಲು ಹೇಳುವ ಹಿಮ್ಮೇಳದವರು ಹಾಡುಗಾರರ ಮುಖ ನೋಡುವುದನ್ನು ಬಿಟ್ಟು ನೆಲ ನೋಡುತ್ತಾರೆ. ಅವರನ್ನು ಒಂದೇ ಕೋಣೆಯಲ್ಲಿ, ಊರಿನಲ್ಲಿ ಕೂರುವಂತೆಯೇ ಅರ್ಧ ಸುತ್ತಿನಲ್ಲಿ ಕೂರಿಸಿ ಒಟ್ಟಿಗೆ ಮುದ್ರಿಸಬೇಕು. ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ಸೇರುತ್ತದೆ, ಸೇರಲಿ. ಕಂಸಾಳೆಯ ಕಂಚು ಹತ್ತಿರದ ಮೈಕಿಗೆ ಚುಚ್ಚುವಂತೆ ಬಡಿಯುವುದರಿಂದ ಅದಕ್ಕೆ ಐದಾರು ಅಡಿ ದೂರದ, ತಲೆಗಿಂತ ಎತ್ತರದ ಮೈಕ್ ಸಾಕು. ರಾತ್ರಿಯಿಡೀ ಹಾಡುವ ಕಾವ್ಯದಿಂದ ಯಾವ ಸಾಲನ್ನು (ಕಥೆಯ ಭಾಗವನ್ನು) ಆರಿಸಬೇಕೆಂಬುದನ್ನು ಹಾಡುಗಾರರಿಗೇ ಬಿಡಬೇಕು. ಆರು ನಿಮಿಷಕ್ಕೆ ಕತ್ತರಿಸಿ ಕೊಡಿ ಎಂದು ಹೊರಗಿನವರು ಹೇಳಿದಾಗ ಕಥೆಯ ತಲೆ ಒಂದು ಕಡೆ, ಬಾಲ ಒಂದು ಕಡೆ ಆಗುತ್ತದೆ.

ಮನೆಯಲ್ಲಿಯೇ ಮುದ್ರಿಸುವವರು ಒಂಟಿಕೊಪ್ಪಲಿನಂಥ ಹಳೆಯ ಬಡಾವಣೆಯಲ್ಲಿದ್ದರೆ ಒಂದು ಹಿರಿಮೆಯನ್ನು ನೆನೆಯಬಹುದು: 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದ್ದೂ ಅದೇ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ. ಆದರೆ ಬರಿಯ ಗೋಡೆ, ನುಣುಪಾದ ನೆಲದ ಕೋಣೆಯಲ್ಲಿ ಧ್ವನಿ ಗುಂಯ್‌ಗುಡುತ್ತದೆ. ನೆಲಕ್ಕೆ ಜಮಖಾನ, ಹಾಡುವವರ ಬೆನ್ನ ಹಿಂದೆ ನಿಲ್ಲಿಸಿದ ಹಾಸಿಗೆ, ತೆರೆದ ಬಟ್ಟೆಯ ಬೀರು ಇವಿಷ್ಟರಿಂದಲೇ ಬಹಳ ತಗ್ಗುತ್ತದೆ. 24 ಬಿಟ್‌ನಲ್ಲಿ, ವಿಡಿಯೊ ಮಾಡುವುದಿದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಬೇಕು. ಅತಿ ಜೋರಿನ ಜಾಗದಲ್ಲೂ ಮೀಟರು ಮೈನಸ್ 6 ಡೆಸಿಬೆಲ್ ದಾಟಬಾರದು. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಒದಗಿಸುವ ಗುಂಡಿ ಒತ್ತಿದೆಯೇ ನೋಡಬೇಕು. ಹಾಡು ಮುಗಿದ ಮೇಲೆ ಯಾರೂ ಅಲುಗಾಡದೆ ಅರ್ಧ ನಿಮಿಷ ಕೋಣೆಯ ಮೌನವನ್ನೂ ಮುದ್ರಿಸಿಕೊಂಡರೆ ಕತ್ತರಿಸಿ ಜೋಡಿಸಿದ ಜಾಗಗಳನ್ನು ಮುಚ್ಚಲು ಅದು ನೆರವಾಗುತ್ತದೆ. ಕಡೆಯಲ್ಲಿ ಅನಗತ್ಯವಾಗಿ ಸದ್ದು ಏರಿಸುವುದರಿಂದ ಲಾಭವಿಲ್ಲ. ಸ್ಪಾಟಿಫೈ ಮೈನಸ್ 14 ಎಲ್‌ಯುಎಫ್‌ಎಸ್‌ ಎಂಬ ಸದ್ದಿನ ಮಟ್ಟದ ಸುಮಾರಿಗೆ ಎಲ್ಲ ಹಾಡುಗಳನ್ನೂ ತಾನೇ ಸಮಮಾಡುತ್ತದೆ.

ಹಕ್ಕಿನ ಕಾಗದ

ಮಂಡ್ಯದವರು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರನ್ನೂ ಮೇಲುಕೋಟೆಯ ಪು.ತಿ.ನ. ಅವರನ್ನೂ ತಮ್ಮ ಮನೆಯ ಕವಿಗಳೆಂದೇ ಹಾಡುತ್ತಾರೆ. ಪ್ರೀತಿಗೆ ಅಡ್ಡಿಯಿಲ್ಲ, ಪ್ರಕಟಣೆಗೆ ಅನುಮತಿ ಬೇಕು. ಕವಿಯ ಮರಣದ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಪು.ತಿ.ನ. 1998ರಲ್ಲಿ, ನರಸಿಂಹಸ್ವಾಮಿಯವರು 2003ರಲ್ಲಿ ತೀರಿಕೊಂಡದ್ದರಿಂದ ಅವರ ಕವಿತೆಗಳ ಹಕ್ಕು ಕ್ರಮವಾಗಿ 2058 ಮತ್ತು 2063ರ ಕೊನೆಯವರೆಗೆ ವಾರಸುದಾರರದು ಅಥವಾ ಅವರು ವಹಿಸಿಕೊಟ್ಟವರದು. ಕವಿತೆಯ ಹಕ್ಕು ಬೇರೆ, ರಾಗ ಹಾಕಿದವರ ಹಕ್ಕು ಬೇರೆ. ಎರಡಕ್ಕೂ ಪತ್ರ ಪಡೆಯಬೇಕು. ವಚನ, ದಾಸರ ಪದ, ತ್ರಿಪದಿಗಳ ಸಾಹಿತ್ಯಕ್ಕೆ ಈ ತೊಡಕಿಲ್ಲವಾದರೂ ಈಚಿನವರು ಹಾಕಿದ ಧಾಟಿಗೆ ಇದೆ. ಜಾನಪದ ಹಾಡುಗಾರರನ್ನು ಕರೆಸಿ ಮುದ್ರಿಸಿದಾಗ ಹಾಡು ಯಾರದೂ ಅಲ್ಲವೆಂದು ಕೈತೊಳೆದುಕೊಳ್ಳುವ ರೂಢಿ ನಮ್ಮಲ್ಲಿದೆ. ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ ಕಾನೂನಿನಲ್ಲಿಯೇ 50 ವರ್ಷದ ಹಕ್ಕಿದೆ. ಅವರ ಹೆಸರು, ಊರು, ಕೊಟ್ಟ ಹಣ, ಮುಂದೆ ಬರುವ ಹಣದಲ್ಲಿ ಅವರ ಪಾಲು ಇವನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿ, ಒಂದು ಪ್ರತಿಯನ್ನು ಅವರ ಕೈಗೆ ಕೊಡಬೇಕು.

ಊರೂರು

ವೇದಿಕೆಯಲ್ಲಿ ಮೊದಲು ವಿದ್ಯುತ್ತನ್ನು ನೋಡಬೇಕು. ತೋಟದ ಪಂಪುಸೆಟ್ಟುಗಳಿರುವ ಊರಿನಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಮಿಕ್ಸರ್ ಆರಿ ಹತ್ತುವುದುಂಟು. ಜನರೇಟರ್ ಇದೆಯೇ, ದೀಪಕ್ಕೂ ಧ್ವನಿಗೂ ಬೇರೆ ಬೇರೆ ಸಂಪರ್ಕ ಇದೆಯೇ ಎಂದು ಆಯೋಜಕರನ್ನು ಹಿಂದಿನ ದಿನವೇ ಕೇಳಬೇಕು. ಆರ್ಥಿಂಗ್ ಸರಿಯಿಲ್ಲದಿದ್ದರೆ ಕೀಬೋರ್ಡಿನಿಂದ ಝುಂ ಎಂಬ ಸದ್ದು ಬರುತ್ತದೆ, ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆಯುತ್ತದೆ. ಅದು ಸರಿಯಾಗುವವರೆಗೆ ಹಾಡಬಾರದು.

ಧ್ವನಿ ಪರೀಕ್ಷೆಗೆ ಒಂದು ಗಂಟೆ ಕೇಳಿದರೆ ಹತ್ತು ನಿಮಿಷ ಸಿಗುತ್ತದೆ. ಆ ಹತ್ತು ನಿಮಿಷವನ್ನು ಮುಖ್ಯ ಗಾಯಕರ ಮೈಕಿಗೆ, ತಾಳವಾದ್ಯಕ್ಕೆ, ವೇದಿಕೆಯ ಮಾನಿಟರಿಗೆ (ಹಾಡುವವರಿಗೇ ಕೇಳಿಸಲು ಇಡುವ ಸ್ಪೀಕರಿಗೆ) ಮಾತ್ರ ಕೊಡಬೇಕು. ಉಳಿದವು ಮೊದಲ ಹಾಡಿನಲ್ಲಿ ಸರಿಹೋಗುತ್ತವೆ. ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು. ಈಗ ಮುಟ್ಟಿಸುವ ಕಷ್ಟವಿಲ್ಲ, ಮೈಕು ಕೂಗದಂತೆ ತಡೆಯುವ ಕಷ್ಟವಿದೆ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಅದು ಹಿಂದಿನ ಸದ್ದನ್ನೂ ಹಿಡಿಯತೊಡಗಿ ಕುಯ್ ಎನ್ನುತ್ತದೆ. ಮೈಕಿನ ಹಿಡಿಕೆಯನ್ನು ಹಿಡಿಯಬೇಕು, ತಲೆಯನ್ನಲ್ಲ. ದೊಡ್ಡ ವೇದಿಕೆ ಸಿಕ್ಕಿತೆಂದು ದೂರ ದೂರ ನಿಲ್ಲುವುದೂ ತಪ್ಪು. ಸದ್ದು 30 ಅಡಿ ದಾಟಲು ಸುಮಾರು 27 ಮಿಲಿಸೆಕೆಂಡ್ ಹಿಡಿಯುವುದರಿಂದ ಅಷ್ಟು ದೂರದ ತಾಳ ಗಾಯಕರಿಗೆ ಸದಾ ಹಿಂದೆ ಬಿದ್ದಂತೆ ಕೇಳುತ್ತದೆ, ಅವರು ಅದಕ್ಕಾಗಿ ಕಾಯುತ್ತ ಹಾಡನ್ನು ಎಳೆಯುತ್ತಾರೆ. ಹತ್ತು ಅಡಿಯೊಳಗೆ ಕೂತರೆ ಈ ತೊಂದರೆಯಿಲ್ಲ.

ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಕಲಾಮಂದಿರದಂಥ ಮುಚ್ಚಿದ ಸಭಾಂಗಣಕ್ಕೆ ಈ ಗಡುವು ಇಲ್ಲ. ಏಳಕ್ಕೆ ಎಂದು ಅಚ್ಚಾದ ಕಾರ್ಯಕ್ರಮ ಸನ್ಮಾನಗಳೆಲ್ಲ ಮುಗಿದು ಒಂಬತ್ತಕ್ಕೆ ಕೈಗೆ ಬರುವುದರಿಂದ ಒಂದು ಗಂಟೆಯ ಪಟ್ಟಿ, ಅರ್ಧ ಗಂಟೆಯ ಪಟ್ಟಿ ಎರಡನ್ನೂ ಮೊದಲೇ ಸಿದ್ಧಮಾಡಿಕೊಂಡಿರಬೇಕು. ಬೈಕಿನ ಮೇಲೆ ಡೋಲಕ್ ಕಟ್ಟಿಕೊಂಡು ಮಂಡ್ಯ, ಮದ್ದೂರಿಗೆ ಬರುವವರು ಸಮಯವನ್ನು ಬೇರೆಯೇ ಲೆಕ್ಕ ಹಾಕಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲದ್ದರಿಂದ ಸರ್ವಿಸ್ ರಸ್ತೆಯಲ್ಲೇ ಊರೂರು ದಾಟಿ ಬರಬೇಕು.

ಸಂಭಾವನೆಯ ಮಾತನ್ನು ವೇದಿಕೆ ಹತ್ತುವ ಮೊದಲು ಮುಗಿಸಬೇಕು. ಮುಂಗಡ, ಪ್ರಯಾಣದ ಖರ್ಚು, ಊಟ, ಮಳೆ ಬಂದು ನಿಂತರೆ ಎಷ್ಟು, ಅನ್ಯರ ಹಾಡುಗಳ ಪರವಾನಗಿ ಯಾರ ಹೊಣೆ ಎಂಬುದನ್ನೆಲ್ಲ ವಾಟ್ಸ್‌ಆಪ್‌ನಲ್ಲಾದರೂ ಬರೆಸಿಕೊಂಡಿರಬೇಕು. ಸರ್ಕಾರಿ ಕಾರ್ಯಕ್ರಮದ ಹಣ ಬ್ಯಾಂಕ್ ಖಾತೆಗೆ ಬರುತ್ತದೆ, ತಡವಾಗಿ ಬರುತ್ತದೆ. ತಂಡದ ಪ್ರತಿಯೊಬ್ಬರ ಆಧಾರ್, ಪ್ಯಾನ್, ಪಾಸ್‌ಬುಕ್‌ನ ಮೊದಲ ಪುಟದ ಪ್ರತಿಗಳನ್ನು ಒಂದೇ ಕಡತದಲ್ಲಿಟ್ಟುಕೊಂಡು, ಕಾರ್ಯಕ್ರಮದ ಫೋಟೊ ಮತ್ತು ಆಹ್ವಾನ ಪತ್ರಿಕೆಯೊಡನೆ ಮರುದಿನವೇ ಬಿಲ್ಲು ಸಲ್ಲಿಸಿದವರಿಗೆ ಬೇಗ ಸಿಗುತ್ತದೆ. ಅಲ್ಲಿಯವರೆಗೆ ಪಕ್ಕವಾದ್ಯದವರನ್ನು ಕಾಯಿಸದೆ, ಮುಂಗಡದ ಹಣದಿಂದ ಅವರ ಪಾಲನ್ನು ಅದೇ ರಾತ್ರಿ, ವ್ಯಾನಿನಿಂದ ಇಳಿಯುವ ಮೊದಲೇ ಕೊಟ್ಟು ಕಳುಹಿಸಬೇಕು.