ಎರಡನೇ ಭಾನುವಾರದಿಂದ ನೀವು ನೆಂಟರಲ್ಲ: ಮಂಗಳೂರಿಗೆ ಬಂದ ಕನ್ನಡ ಕ್ರೈಸ್ತ ಕುಟುಂಬಗಳಿಗೆ

ಧಾರವಾಡ, ಬೀದರ್, ಹಾಸನ, ಕೋಲಾರದ ಕಡೆಯಿಂದ ಇಲ್ಲಿಗೆ ಬಂದ ಕ್ರೈಸ್ತ ಕುಟುಂಬಗಳು ಮೊದಲು ಎಡವುವುದು ಭಾಷೆಯಲ್ಲಿ. ಕಥೋಲಿಕ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಹೆಚ್ಚಿನ ಪೂಜೆ ಕೊಂಕಣಿಯಲ್ಲಿ ನಡೆಯುತ್ತದೆ. ಕನ್ನಡ ಪೂಜೆ ಎಷ್ಟು ಹೊತ್ತಿಗೆ ಎಂದು ಶನಿವಾರವೇ ಇಗರ್ಜಿಯ ಕಚೇರಿಯಲ್ಲಿ ಕೇಳಿಟ್ಟುಕೊಳ್ಳಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಕನ್ನಡ ಇದೆ, ನಡುನಡುವೆ ತುಳು ಹಾಡು ಬರುತ್ತದೆ. ನಮ್ಮದು ಹಂಚಿನ ಮನೆಯೊಂದರ ಚಾವಡಿಯಲ್ಲಿ ಸೇರುವ, ಸುಮಾರು 60 ಜನರ ಸಣ್ಣ ಸಭೆ. ಗಂಟೆಗೋಪುರವಿಲ್ಲ, ಯಾರಿಗೂ ಮೀಸಲಾದ ಬೆಂಚಿಲ್ಲ. ಚಾಪೆ ಇದೆ, ಮಂಡಿನೋವಿನವರಿಗೆ ಕುರ್ಚಿ ಇದೆ.

ನಾವು ಯಾರು

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ಕ್ರೈಸ್ತರಾದ ಎಷ್ಟೋ ಜನರಿಗೆ ಮನೆಯೂ ಹೋಗುತ್ತಿತ್ತು, ಕುಲಕಸುಬೂ ಹೋಗುತ್ತಿತ್ತು. ಅಂಥವರ ಅನ್ನಕ್ಕೊಂದು ದಾರಿಯಾಗಲೆಂದು ಮಿಶನ್ ನೇಯ್ಗೆ ಶುರುಮಾಡಿತು. 1865ರಲ್ಲಿ ಇದೇ ಊರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ನಮ್ಮ ತಲೆಯ ಮೇಲಿನ ಹಂಚಿಗೆ ಆ ಚರಿತ್ರೆ ಇದೆ. ಹಾಗಾಗಿ ಬಾಗಿಲಿಗೆ ಬಂದವರ ಹತ್ತಿರ ಇಲ್ಲಿ ಕೇಳುವ ಮೊದಲ ಮಾತು "ಒಣಸ್ ಆಂಡಾ?", ತುಳುವಿನಲ್ಲಿ ಊಟ ಆಯಿತೇ ಎಂದು. "ನೀವು ಮೂಲದಲ್ಲಿ ಯಾರು?" ಎಂಬ ಪ್ರಶ್ನೆ ನಮ್ಮಲ್ಲಿ ಸಲ್ಲದು. ಸುತ್ತುಬಳಸಿ, ಅಜ್ಜನ ಊರು, ಮನೆತನದ ಹೆಸರು ಕೇಳಿ ಜಾತಿ ತಿಳಿದುಕೊಳ್ಳುವ ಅಭ್ಯಾಸವನ್ನು ಕೆಲವರು ಊರಿನಿಂದ ಹೊತ್ತು ತರುತ್ತಾರೆ. ದಯವಿಟ್ಟು ಅದನ್ನು ಘಟ್ಟದ ಮೇಲೆಯೇ ಬಿಟ್ಟು ಬನ್ನಿ. ಇಲ್ಲಿನವರು ನಿಮ್ಮನ್ನು ಹಾಗೆ ಕೇಳಿದರೆ ಉತ್ತರ ಕೊಡಬೇಡಿ, ಹಿರಿಯರಿಗೆ ತಿಳಿಸಿ.

ಕನ್ನಡದಲ್ಲಿ ಪ್ರಾರ್ಥಿಸಲು ಹಿಂಜರಿಯಬೇಡಿ. ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದು ಇದೇ ಊರಿನಿಂದ. ನಿಮ್ಮದು ಬೀದರಿನ ಕನ್ನಡವಾದರೂ ಕೋಲಾರದ ಕನ್ನಡವಾದರೂ ಆ ಮಾತಿನಲ್ಲೇ ಪ್ರಾರ್ಥಿಸಿ. ಸಭಾಪಾಲಕರನ್ನು ಅಯ್ಯನವರೇ ಎನ್ನಿ, ಅಣ್ಣ ಎನ್ನಿ, ಎರಡೂ ಸರಿ. ಕ್ರೈಸ್ತರಲ್ಲದ ಗೆಳೆಯರು ಜೊತೆಗೆ ಬಂದರೆ ಸಂತೋಷ. ಅವರನ್ನು ಯಾರೂ ಯಾವುದಕ್ಕೂ ಒತ್ತಾಯಿಸುವುದಿಲ್ಲ.

ಸರಳ ಸಭೆ ಎಂದರೆ ಸಡಿಲ ಸಭೆ ಎಂದು ತಿಳಿಯಬೇಡಿ. ಹಾಡು 9 ಗಂಟೆಗೆ ಶುರುವಾಗುತ್ತದೆ. ಭಾನುವಾರ ಸಿಟಿ ಬಸ್ಸಿನ ಕೆಲವು ಟ್ರಿಪ್ ಇರುವುದಿಲ್ಲ, ಅದನ್ನು ಲೆಕ್ಕ ಹಾಕಿಯೇ ಹೊರಡಿ. ಆಶೀರ್ವಾದ ಮುಗಿದ ಕೂಡಲೇ ಚಪ್ಪಲಿ ಹುಡುಕುವವರಿಗೆ ಒಂದು ಮಾತು: ಪರಿಚಯ ಬೆಳೆಯುವುದು ಆಮೇಲಿನ ಚಹಾದ ಹೊತ್ತಿನಲ್ಲಿ. ಅರ್ಧ ಗಂಟೆ ನಿಲ್ಲಿ.

ಪತ್ರಗಳು

ಊರು ಬಿಡುವ ಮೊದಲೇ ಹಳೆಯ ಸಭೆಯಿಂದ ವರ್ಗಾವಣೆ ಪತ್ರ ತನ್ನಿ. ಅದರಲ್ಲಿ ಮನೆಯವರೆಲ್ಲರ ಹೆಸರು, ದೀಕ್ಷಾಸ್ನಾನದ ಮತ್ತು ದೃಢೀಕರಣದ ತಾರೀಕು, ವಂತಿಗೆ ಸಂದಾಯವಾದ ವಿವರ ಇರಬೇಕು. ಆಮೇಲೆ ತರಿಸಿಕೊಂಡರಾಯಿತು ಎಂದರೆ ಅಷ್ಟರಲ್ಲಿ ಅಲ್ಲಿನ ಪಾದ್ರಿಗಳಿಗೇ ವರ್ಗವಾಗಿರುತ್ತದೆ. ಬೀದರ್, ಕೋಲಾರದ ಕಡೆಯವರು ಗಮನಿಸಿ: ನಿಮ್ಮ ಮೆಥೊಡಿಸ್ಟ್ ಸಭೆ ಸಿಎಸ್‌ಐ ಒಳಗಿಲ್ಲ, ಹಾಗಾಗಿ ಆ ಪತ್ರವನ್ನು ಇಲ್ಲಿನ ಸಿಎಸ್‌ಐ ಸಭೆಗೆ ಕೊಡುವುದಾದರೆ ಏನೇನು ಬೇಕೆಂದು ಮೊದಲೇ ಮಾತಾಡಿ.

ಈ ಪತ್ರವನ್ನು ನಮಗೇ ಕೊಡಬೇಕೆಂದಿಲ್ಲ. ಸ್ಮಶಾನವಿರುವ ಸಭೆಯೊಂದರಲ್ಲಿ ಸದಸ್ಯರಾಗಿ, ವಂತಿಗೆ ಕಟ್ಟುತ್ತಾ, ನಮ್ಮ ಜೊತೆಗೂ ಆರಾಧನೆಗೆ ಬನ್ನಿ. ನಮಗೆ ಬೇಸರವಿಲ್ಲ, ನಾವೇ ಹೀಗೆ ಮಾಡಲು ಹೇಳುತ್ತೇವೆ. ಕಾರಣ ಮುಂದಿದೆ.

ಮದುವೆ ನಿಶ್ಚಯವಾದರೆ ಕನಿಷ್ಠ ಎರಡು ತಿಂಗಳು ಮೊದಲು ತಿಳಿಸಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಅಧಿಕಾರವಿರುವವರು ಮಾತ್ರ ಮದುವೆ ನಡೆಸಬಹುದು. ಪ್ರಸಂಗ ಮಾಡುವವರೆಲ್ಲ ನಡೆಸುವಂತಿಲ್ಲ.

ಮನೆಯಲ್ಲಿ ಸಾವಾದರೆ

ಇದನ್ನು ಓದದೆ ಮುಂದೆ ಹೋಗಬೇಡಿ. ನಮಗೆ ಸ್ವಂತ ಸ್ಮಶಾನವಿಲ್ಲ. ಈ ಊರಿನ ಕ್ರೈಸ್ತ ಸ್ಮಶಾನಗಳು ಬಹುಮಟ್ಟಿಗೆ ಆಯಾ ಇಗರ್ಜಿಗೆ, ಸಭೆಗೆ ಸೇರಿದವು. ಸದಸ್ಯತ್ವವಿಲ್ಲದ ಕುಟುಂಬ ಹೆಣವನ್ನು ಶವಾಗಾರದಲ್ಲಿಟ್ಟು ಅನುಮತಿಗಾಗಿ ಬಾಗಿಲು ಬಾಗಿಲು ಅಲೆಯುವ ಸ್ಥಿತಿ ಯಾರಿಗೂ ಬರಬಾರದು.

ಮೊದಲ ಫೋನ್ ಸಭೆಯ ಹಿರಿಯರಿಗೆ ಮಾಡಿ, ಆಂಬುಲೆನ್ಸ್‌ಗೆ ಆಮೇಲೆ. ರಾತ್ರಿ ಎರಡು ಗಂಟೆಯಾದರೂ ಸಂಕೋಚ ಬೇಡ. ಆಸ್ಪತ್ರೆಯಿಂದ ಹೊರಡುವ ಮುನ್ನ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಕೇಳಿ, ಹೆಸರಿನ ಅಕ್ಷರಗಳು ಆಧಾರ್‌ನಲ್ಲಿ ಇದ್ದಂತೆಯೇ ಇವೆಯೇ ನೋಡಿ. ಒಂದಕ್ಷರ ತಪ್ಪಿದರೆ ಪಿಂಚಣಿ, ವಿಮೆ ಎಲ್ಲ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಸಾವಾದರೆ ವೈದ್ಯರನ್ನು ಕರೆಸಿಯೇ ಮುಂದಿನ ಕೆಲಸ. ನೋಂದಣಿ 21 ದಿನದೊಳಗೆ ಆಗಬೇಕು.

ಇಲ್ಲಿಯ ನೆಲ ಮುರಕಲ್ಲಿನದು, ಅಂದರೆ ಗಟ್ಟಿಯಾದ ಕೆಂಪು ಜಂಬಿಟ್ಟಿಗೆಯದು. ಗುಂಡಿ ತೋಡಲು ಅರ್ಧ ದಿನ ಬೇಕು, ಆದ್ದರಿಂದ ಮರುದಿನ ಬೆಳಿಗ್ಗೆ ಮಣ್ಣು ಮಾಡುವುದಾದರೆ ಹಿಂದಿನ ದಿನವೇ ಹೇಳಿರಬೇಕು. ಜೂನ್, ಜುಲೈಯಲ್ಲಿ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಪಂಪು, ಟಾರ್ಪಾಲಿನ ವ್ಯವಸ್ಥೆಯನ್ನೂ ಆಗಲೇ ಮಾಡಿಕೊಳ್ಳಬೇಕು. ಊರಿಗೇ ಒಯ್ಯುವುದಾದರೆ ಶೀತಪೆಟ್ಟಿಗೆ ಇರುವ ಆಂಬುಲೆನ್ಸ್ ಹಿಡಿಯಿರಿ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಸಂಪಾಜೆ ಘಾಟಿಗಳಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದುಂಟು, ವಿಚಾರಿಸದೆ ಹೊರಡಬೇಡಿ. ಶವಪೆಟ್ಟಿಗೆಯ ಮತ್ತು ಗುಂಡಿ ತೋಡುವ ಖರ್ಚನ್ನು ಸಭೆಯ ನೆರವು ನಿಧಿ ಕೊಡುತ್ತದೆ, ಸದಸ್ಯರಾಗಿರಲಿ ಬಿಡಲಿ. ಸಾಲ ಮಾಡಬೇಡಿ. ಮೂರು ದಿನ ನಿಮ್ಮ ಮನೆಯಲ್ಲಿ ಒಲೆ ಹಚ್ಚುವುದೂ ಬೇಡ, ಊಟ ನಾವು ತರುತ್ತೇವೆ.

ಊಟ

ತಿಂಗಳ ಮೊದಲ ಭಾನುವಾರ ಕರ್ತನ ಮೇಜು, ಆಮೇಲೆ ಸಹಭೋಜನ. ದೀಕ್ಷಾಸ್ನಾನವಾದವರು ಯಾವ ಸಭೆಯವರಾದರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಹುದು. ಸಹಭೋಜನಕ್ಕೆ ಹತ್ತು ಜನಕ್ಕೆ ಒಂದು ಕಿಲೋ ಅಕ್ಕಿಯ ಲೆಕ್ಕ. ಕುಚ್ಚಲಕ್ಕಿ ಬೇಯಲು ಗಂಟೆ ಹಿಡಿಯುತ್ತದೆ, ಆದ್ದರಿಂದ ಆರಾಧನೆಗೆ ಮೊದಲೇ ಒಲೆಗೇರುತ್ತದೆ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನವನ್ನೂ ಮಾಡುತ್ತೇವೆ. ಕೆಂಪನ್ನ ನೋಡಿ ಮಕ್ಕಳ ಮುಂದೆ ಮುಖ ಹಿಂಡಬೇಡಿ. ಚಹಾಕ್ಕೆ 3 ಲೀಟರ್ ಹಾಲು, ಅಷ್ಟೇ ನೀರು. ಬಡಿಸುವುದು, ಪಾತ್ರೆ ತೊಳೆಯುವುದು ಗಂಡಸರ ಪಾಳಿಯಲ್ಲೂ ಇದೆ. ನೀವು ಬರುವ ಎರಡನೇ ಭಾನುವಾರ ನಿಮ್ಮ ಹೆಸರೂ ಆ ಪಟ್ಟಿಗೆ ಸೇರುತ್ತದೆ.

ಮಕ್ಕಳು: ಅಳಲಿ, ಓಡಲಿ, ಹೊರಗೆ ಕಳಿಸಬೇಡಿ. ಬಾವಿಕಟ್ಟೆಯ ಹತ್ತಿರ ಮಾತ್ರ ಒಬ್ಬರು ದೊಡ್ಡವರು ಇರಲೇಬೇಕು.

ಮೊದಲ ದಿನ ತರಬೇಕಾದದ್ದು: ಸತ್ಯವೇದ, ಮಳೆಗಾಲವಾದರೆ ಕೊಡೆ ಮತ್ತು ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ, ಉಳಿದ ಊಟ ಮನೆಗೆ ಒಯ್ಯಲು ಒಂದು ಖಾಲಿ ಡಬ್ಬಿ.