ಫ್ರೀಕ್ಯಾಡ್‌ನಲ್ಲಿ ಬೋಲ್ಟಿನ ಥ್ರೆಡ್ ರಚಿಸುವ ಬಗೆ

ಬೋಲ್ಟಿನ ಮೈಮೇಲೆ ಸುರುಳಿಯಾಗಿ ಸುತ್ತುವ ಥ್ರೆಡ್ಡನ್ನು ಕಂಪ್ಯೂಟರಿನ ಮಾದರಿಯಲ್ಲಿ ನಿಜವಾಗಿಯೂ ಕೊರೆಯಬೇಕೇ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಭಾಗವು ಲೇತ್‌ನಲ್ಲಿ ತಯಾರಾಗುವುದಾದರೆ ಅದರ ಅಗತ್ಯವಿಲ್ಲ. ಪೀಣ್ಯದ ಟರ್ನರ್‌ಗೆ ಬೇಕಾಗಿರುವುದು ಡ್ರಾಯಿಂಗಿನಲ್ಲಿ ಬರೆದ ‘ಎಂ10 × 1.5’ ಎಂಬ ಸೂಚನೆ (10 ಮಿ.ಮೀ. ಹೊರವ್ಯಾಸ, 1.5 ಮಿ.ಮೀ. ಪಿಚ್ ಅಂದರೆ ಅಕ್ಕಪಕ್ಕದ ಎರಡು ಸುತ್ತುಗಳ ನಡುವಿನ ಅಂತರ) ಮತ್ತು ಥ್ರೆಡ್‌ನ ಉದ್ದ. ಆಕಾರವನ್ನು ಅವರ ಡೈ ಅಥವಾ ಟೂಲ್ ಕೊಡುತ್ತದೆ. ತ್ರೀಡಿ ಪ್ರಿಂಟರ್‌ನಲ್ಲಿ ಮಾಡುವ ಭಾಗಕ್ಕೆ ಮಾತ್ರ ಪ್ರತಿಯೊಂದು ಸುತ್ತೂ ಮಾದರಿಯಲ್ಲೇ ಇರಬೇಕಾಗುತ್ತದೆ, ಏಕೆಂದರೆ ಯಂತ್ರವು ಕಂಡದ್ದನ್ನಷ್ಟೇ ಮುದ್ರಿಸುತ್ತದೆ. ಹಣ ಕೊಡದೆ ಪಡೆಯಬಹುದಾದ ತ್ರೀಡಿ ವಿನ್ಯಾಸ ತಂತ್ರಾಂಶ ಫ್ರೀಕ್ಯಾಡ್‌ನಲ್ಲಿ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಹುದು. ಎಂ10 ಬೋಲ್ಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೆಟ್ರಿಕ್ ಥ್ರೆಡ್‌ನ ಎರಡು ಇಳಿಜಾರುಗಳ ನಡುವಿನ ಕೋನ 60 ಡಿಗ್ರಿ. ಬೋಲ್ಟಿನ ಮೇಲಿನ ತೋಡಿನ ಆಳವನ್ನು ಪಿಚ್ಚನ್ನು 0.6134ರಿಂದ ಗುಣಿಸಿ ಪಡೆಯುತ್ತೇವೆ. ಎಂ10ರ ಸಾಮಾನ್ಯ ಪಿಚ್ 1.5 ಮಿ.ಮೀ. ಆದ್ದರಿಂದ ಆಳ 0.92 ಮಿ.ಮೀ., ತೋಡಿನ ತಳದಲ್ಲಿ ವ್ಯಾಸ 8.16 ಮಿ.ಮೀ. ಆಗುತ್ತದೆ. ಥ್ರೆಡ್‌ನ ತುದಿ ಚೂಪಾಗಿರುವುದಿಲ್ಲ. ಪಿಚ್‌ನ ಎಂಟನೇ ಒಂದು ಭಾಗದಷ್ಟು, ಅಂದರೆ ಸುಮಾರು 0.19 ಮಿ.ಮೀ. ಚಪ್ಪಟೆಯಾಗಿರುತ್ತದೆ. ಈ ಸಣ್ಣ ಅಳತೆ ಮುಂದೆ ಬಹಳ ಮುಖ್ಯವಾಗುತ್ತದೆ.

ಪಾರ್ಟ್ ಡಿಸೈನ್ ವರ್ಕ್‌ಬೆಂಚಿನಲ್ಲಿ (ಒಂದು ಬಗೆಯ ಕೆಲಸದ ಉಪಕರಣಗಳ ಗುಂಪು) ಹೊಸ ಬಾಡಿ ತೆರೆದು, ಎಕ್ಸ್‌ವೈ ಸಮತಲದ ಮೇಲೆ 10 ಮಿ.ಮೀ. ವ್ಯಾಸದ ವೃತ್ತವನ್ನು ಬರೆದು, 30 ಮಿ.ಮೀ. ಪ್ಯಾಡ್ ಕೊಟ್ಟು ದಂಡವಾಗಿ ಎತ್ತರಿಸಿ. ಕೆಳತುದಿಯ ಅಂಚಿಗೆ 1 ಮಿ.ಮೀ. ಚ್ಯಾಂಫರ್ (ಓರೆ ಕೊಯ್ತ) ಹಾಕಿ. ಥ್ರೆಡ್ ಮುಗಿಯಬೇಕಾದ ಜಾಗದಲ್ಲಿ, ತುದಿಯಿಂದ 19 ಮತ್ತು 22 ಮಿ.ಮೀ. ಎತ್ತರಗಳ ನಡುವೆ, 7.6 ಮಿ.ಮೀ. ವ್ಯಾಸಕ್ಕೆ ಇಳಿಯುವ ಉಂಗುರದಂಥ ತೋಡನ್ನು, ಅಂದರೆ ಅಂಡರ್‌ಕಟ್ಟನ್ನು ಗ್ರೂವ್ ಉಪಕರಣದಿಂದ ಕೊರೆಯಿರಿ. ಇವೆರಡನ್ನೂ ಥ್ರೆಡ್‌ಗಿಂತ ಮೊದಲೇ ಮಾಡಬೇಕು. ಸುತ್ತು ಕೊರೆದ ಮೇಲೆ ತುದಿಯ ಅಂಚು ತುಂಡಾಗಿರುವುದರಿಂದ ಚ್ಯಾಂಫರ್ ಸಾಮಾನ್ಯವಾಗಿ ವಿಫಲವಾಗುತ್ತದೆ. ಅಂಡರ್‌ಕಟ್ ಇಲ್ಲದಿದ್ದರೆ ತೋಡು ಲೋಹದ ನಡುವೆಯೇ ಗೋಡೆಯಂತೆ ನಿಂತುಬಿಡುತ್ತದೆ.

ಈಗ ಎಕ್ಸ್‌ಝಡ್ ಸಮತಲದ ಮೇಲೆ ತೋಡಿನ ಅಡ್ಡಕೊಯ್ತವನ್ನು ಬರೆಯಬೇಕು. ಇದು ತ್ರಿಕೋನವಲ್ಲ, ಮಲಗಿಸಿದ ತ್ರಾಪಿಜ್ಯ. ಒಳಬದಿಯು ಅಕ್ಷದಿಂದ 4.08 ಮಿ.ಮೀ. ದೂರದಲ್ಲಿ 0.25 ಮಿ.ಮೀ. ಉದ್ದವಿರಲಿ; ಹೊರಬದಿಯು 5.1 ಮಿ.ಮೀ. ದೂರದಲ್ಲಿರಲಿ, ಇಳಿಜಾರುಗಳ ನಡುವೆ 60 ಡಿಗ್ರಿ ನಿಗದಿಪಡಿಸಿ. ಇಡೀ ಆಕೃತಿಯ ನಡುರೇಖೆಯನ್ನು ಬೋಲ್ಟಿನ ತುದಿಗಿಂತ ಒಂದು ಪಿಚ್‌ನಷ್ಟು ಕೆಳಗೆ, ಅಂದರೆ ಝಡ್ ಮೈನಸ್ 1.5ರಲ್ಲಿ ಇಟ್ಟರೆ ಕೊರೆತವು ಗಾಳಿಯಲ್ಲಿ ಆರಂಭವಾಗಿ ಲೋಹದೊಳಕ್ಕೆ ನಯವಾಗಿ ಪ್ರವೇಶಿಸುತ್ತದೆ.

ಹೊರಬದಿಯನ್ನು 5 ಮಿ.ಮೀ.ನಲ್ಲೇ ನಿಲ್ಲಿಸದೆ 5.1ಕ್ಕೆ ಒಯ್ದದ್ದಕ್ಕೆ ಕಾರಣವಿದೆ. ಕೊರೆಯುವ ಆಕೃತಿಯ ಮುಖವೂ ಸಿಲಿಂಡರಿನ ಮುಖವೂ ಒಂದರ ಮೇಲೊಂದು ಸರಿಯಾಗಿ ಕುಳಿತರೆ ಒಳಗೆ ಯಾವುದು, ಹೊರಗೆ ಯಾವುದು ಎಂಬುದನ್ನು ತಂತ್ರಾಂಶವು ನಿರ್ಧರಿಸಲಾಗದೆ ಸೋಲುವ ಸಾಧ್ಯತೆಯಿದೆ. ಹಾಗೆಂದು ಧಾರಾಳವಾಗಿ 5.2ಕ್ಕೆ ಒಯ್ದರೆ ಇನ್ನೊಂದು ತೊಂದರೆ ಎದುರಾಗುತ್ತದೆ: 5.1ರಲ್ಲಿ ಆಕೃತಿಯ ಅಗಲ 1.43 ಮಿ.ಮೀ. ಇದ್ದದ್ದು 5.2ರಲ್ಲಿ 1.54 ಆಗಿ ಪಿಚ್ಚನ್ನೇ ಮೀರುತ್ತದೆ. ಆಗ ಒಂದು ಸುತ್ತು ಪಕ್ಕದ ಸುತ್ತನ್ನು ತಾಕುತ್ತದೆ. ಈ ವಿಧಾನದಲ್ಲಿ ಥ್ರೆಡ್ ಮೂಡದೆ ದೋಷಸೂಚನೆ ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಎಂ10ಕ್ಕೆ 5 ಮಿ.ಮೀ. ಆಚೆಗೆ ನಮಗಿರುವ ಅವಕಾಶ 0.16 ಮಿ.ಮೀ. ಮಾತ್ರ, ಆ 0.19ರ ಚಪ್ಪಟೆ ತುದಿಯೇ ಈ ಮಿತಿಯನ್ನು ಹಾಕುತ್ತದೆ.

ತ್ರಾಪಿಜ್ಯದ ಸ್ಕೆಚ್ ಆಯ್ದುಕೊಂಡು, ಅದನ್ನು ಸುರುಳಿಯಾಗಿ ಸುತ್ತಿಸಿ ಲೋಹವನ್ನು ಕಳೆಯುವ ಸಬ್‌ಟ್ರಾಕ್ಟಿವ್ ಹೀಲಿಕ್ಸ್ ಒತ್ತಿ. ಅಕ್ಷವಾಗಿ ಬೇಸ್ ಝಡ್, ಪಿಚ್ 1.5, ಎತ್ತರ 21.5 ಕೊಡಿ. ಎಡಮುರಿ ಥ್ರೆಡ್ ಬೇಕಿದ್ದರೆ ಅದಕ್ಕೊಂದು ಗುರುತುಚೌಕವಿದೆ. ಲೆಕ್ಕ ಮುಗಿಯಲು ತುಸು ಹೊತ್ತು ಹಿಡಿಯುವುದರಿಂದ, ಮಾದರಿಯ ಉಳಿದ ವಿವರಗಳನ್ನೆಲ್ಲ ಮುಗಿಸಿ ಇದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ನಟ್‌ಗೆ ಇಷ್ಟು ಶ್ರಮ ಬೇಕಿಲ್ಲ. ಹೋಲ್ ಉಪಕರಣದಲ್ಲಿ ಮೆಟ್ರಿಕ್ ಪಟ್ಟಿಯಿಂದ ಎಂ10 ಆರಿಸಿ, ಥ್ರೆಡ್ಡನ್ನು ಮಾದರಿಯಲ್ಲೇ ಮೂಡಿಸುವ ಆಯ್ಕೆಯನ್ನು ಗುರುತಿಸಿದರೆ ಒಳಥ್ರೆಡ್ ತಾನಾಗಿ ಮೂಡುತ್ತದೆ.

ಪ್ರಿಂಟ್ ಮಾಡುವಾಗ ಪುಸ್ತಕದ ಅಳತೆ ಸಾಲದು. ಕರಗಿದ ಪ್ಲಾಸ್ಟಿಕ್ ಸ್ವಲ್ಪ ಹರಡುವುದರಿಂದ ಬೋಲ್ಟು ನಟ್ಟಿನೊಳಗೆ ಬಿಗಿದುಕೊಳ್ಳುತ್ತದೆ, ವ್ಯಾಸದಲ್ಲಿ 0.2ರಿಂದ 0.4 ಮಿ.ಮೀ. ಸಡಿಲ ಬಿಡಬೇಕು. 0.3 ಬಿಡುವುದಾದರೆ ದಂಡದ ವ್ಯಾಸವನ್ನು 9.7 ಮಾಡಿ, ತ್ರಾಪಿಜ್ಯವನ್ನು 0.15 ಮಿ.ಮೀ. ಅಕ್ಷದ ಕಡೆಗೆ ಸರಿಸಿ: 4.08 ಇದ್ದದ್ದು 3.93, 5.1 ಇದ್ದದ್ದು 4.95. ಸಡಿಲವನ್ನು ತೋಡಿನ ಆಳದಲ್ಲಷ್ಟೇ ಕೊಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಉಜ್ಜಾಡುವುದು ಇಳಿಜಾರುಗಳು. ಬೋಲ್ಟನ್ನು ನಿಲ್ಲಿಸಿ ಮುದ್ರಿಸಿದರೆ ಸಪೋರ್ಟ್ (ಮುದ್ರಿಸುವಾಗ ಕೊಡುವ ತಾತ್ಕಾಲಿಕ ಆಸರೆ) ಇಲ್ಲದೆಯೇ ಥ್ರೆಡ್ ಚೆನ್ನಾಗಿ ಬರುತ್ತದೆ, ಆದರೆ ಎಳೆತಕ್ಕೆ ಪದರಗಳ ನಡುವೆ ಮುರಿಯುವ ಅಪಾಯವಿದೆ. ಎಂ6ಕ್ಕಿಂತ ಸಣ್ಣ ಥ್ರೆಡ್‌ಗಳನ್ನು ಸಾಮಾನ್ಯವಾದ 0.4 ಮಿ.ಮೀ. ನಾಜಲ್‌ನಲ್ಲಿ ಮುದ್ರಿಸುವ ಗೋಜಿಗೆ ಹೋಗದಿರುವುದೇ ಲೇಸು. ಅಲ್ಲಿ ಬಿಸಿಮಾಡಿ ಕೂರಿಸುವ ಹಿತ್ತಾಳೆಯ ಇನ್ಸರ್ಟ್ ಹೆಚ್ಚು ಬಾಳುತ್ತದೆ.

ಮುದ್ರಣಕ್ಕೆ ಬೇಕಾದ ಎಸ್‌ಟಿಎಲ್ ಕಡತವನ್ನು ಮೆಶ್ ವರ್ಕ್‌ಬೆಂಚಿನಿಂದ ಮಾಡಿ, ಮೇಲ್ಮೈಯ ವ್ಯತ್ಯಾಸವನ್ನು 0.01 ಮಿ.ಮೀ.ಗೆ ಇಳಿಸಿ. 0.1ರಲ್ಲೇ ಬಿಟ್ಟರೆ ದುಂಡಗಿನ ಥ್ರೆಡ್ ಚಪ್ಪಟೆ ಮುಖಗಳಾಗಿ ಒಡೆದು, ನಾವು ಕಷ್ಟಪಟ್ಟು ಕೊಟ್ಟ ಸಡಿಲವನ್ನು ತಿಂದುಹಾಕುತ್ತದೆ.

ಮನೆಯ ನಲ್ಲಿಗೆ ಜೋಡಿಸುವ ಭಾಗವಾದರೆ ಅಳತೆಗಳು ಪೂರ್ತಿ ಬೇರೆ. ಅರ್ಧ ಇಂಚಿನ ಪೈಪ್ ಥ್ರೆಡ್ ಎಂದಾಗ 12.7 ಮಿ.ಮೀ. ಎಂದು ಭಾವಿಸಬಾರದು; ಆ ಹೆಸರು ಪೈಪಿನ ಒಳರಂಧ್ರಕ್ಕೆ ಸಂಬಂಧಿಸಿದ್ದು. ಬಿಎಸ್‌ಪಿ (ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್) ಸಮಾಂತರ ಥ್ರೆಡ್‌ನಲ್ಲಿ ಹೊರವ್ಯಾಸ 20.955 ಮಿ.ಮೀ., ಇಂಚಿಗೆ 14 ಸುತ್ತು, ಅಂದರೆ ಪಿಚ್ 1.814 ಮಿ.ಮೀ., ಕೋನ 55 ಡಿಗ್ರಿ, ತಳದ ವ್ಯಾಸ 18.631 ಮಿ.ಮೀ. ತ್ರಾಪಿಜ್ಯದ ಒಳಬದಿಯನ್ನು ಅಕ್ಷದಿಂದ 9.316 ಮಿ.ಮೀ. ದೂರದಲ್ಲಿ 0.3 ಮಿ.ಮೀ. ಉದ್ದವಾಗಿಯೂ, ಹೊರಬದಿಯನ್ನು 10.58 ಮಿ.ಮೀ. ದೂರದಲ್ಲಿಯೂ ಇಟ್ಟು ಮೇಲಿನ ಕ್ರಮದಲ್ಲೇ ಸುತ್ತಿಸಬಹುದು. ನಿಜವಾದ ಬಿಎಸ್‌ಪಿ ಥ್ರೆಡ್‌ನ ತುದಿ ಮತ್ತು ತಳ ಎರಡೂ ದುಂಡಗಿರುತ್ತವೆ; ಪ್ಲಾಸ್ಟಿಕ್ ಪ್ರಿಂಟಿಗೆ ಈ ಚಪ್ಪಟೆ ರೂಪ ಸಾಕಾಗುತ್ತದೆ. ನೀರು ನಿಲ್ಲಿಸುವ ಹೊಣೆಯನ್ನು ಥ್ರೆಡ್‌ಗೆ ಬಿಡದೆ ತುದಿಯಲ್ಲಿ ರಬ್ಬರ್ ವಾಷರ್ ಕೂರಲು ಸಮತಟ್ಟಾದ ಜಾಗವನ್ನು ಸ್ಕೆಚ್‌ನಲ್ಲೇ ಬಿಟ್ಟುಕೊಳ್ಳಿ.