ಒಂದೇ ಇಲಿ, ಆರು ಹನಿ ರಕ್ತ: ನನ್ನ ಅನುಭವ

ರೋಗ ಬರಿಸಲು ಇಮ್ಯುನೈಸ್ ಮಾಡಿದ ಇಲಿಯಿಂದ ಪದೇಪದೇ ರಕ್ತ ತೆಗೆದು, ನರತಂತುಗಳಿಗೆ ಹಾನಿಯಾದಾಗ ಸೋರುವ ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನನ್ನು ಅಳೆಯುತ್ತೇನೆ ಎಂದಾಗ ನಮ್ಮ ತಂಡದಲ್ಲಿ ಯಾರೂ ನಂಬಲಿಲ್ಲ. ಅವರ ಆಕ್ಷೇಪಗಳು ಎರಡು: ರಕ್ತ ತೆಗೆಯುವ ಒತ್ತಡಕ್ಕೇ ಇಎಇ (ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಮಾದರಿಯಾಗಿ ಇಲಿಯಲ್ಲಿ ಬರಿಸುವ ಮೆದುಳು-ಬೆನ್ನುಹುರಿಯ ಉರಿಯೂತ) ಏರುಪೇರಾಗುತ್ತದೆ, ಸಿಗುವ ಸೀರಮ್ (ರಕ್ತದ ತಿಳಿ ದ್ರವ) ಪರೀಕ್ಷೆಯ ಪ್ಲೇಟಿನ ಒಂದು ಬಾವಿಗೂ, ಅಂದರೆ ಒಂದು ಪುಟ್ಟ ಗುಳಿಗೂ, ಸಾಲದು. ಹಿರಿಯರೊಬ್ಬರು ‘ಬೆಟ್ಟ ಅಗೆದು ಇಲಿ ಹಿಡಿದಂತಾಗುತ್ತದೆ’ ಎಂದರು. ಇಲಿ ಹಿಡಿಯುವುದೇ ನನ್ನ ಕೆಲಸವಾದ್ದರಿಂದ ಆ ಮಾತು ನನಗೆ ತಟ್ಟಲಿಲ್ಲ.

ಅವರ ಅನುಮಾನಕ್ಕೆ ಕಾರಣವೂ ಇತ್ತು. ಅದಕ್ಕೆ ಹಿಂದಿನ ವರ್ಷ ನಾನೇ ದುಡ್ಡು ಸುಟ್ಟಿದ್ದೆ. ರೋಗ ಬಂದ ಇಲಿಗಳ ಸೀರಮ್ ಒಟ್ಟುಗೂಡಿಸಿ, ಅಲ್ಬುಮಿನ್ ತೆಗೆಸಿ, ಯಾವ ಪ್ರೋಟೀನ್‌ಗಳು ಏರಿವೆ ಎಂದು ತಿಳಿಯಲು ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳುಹಿಸಿದ್ದೆ. ಆ ವರ್ಷದ ರಾಸಾಯನಿಕಗಳ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಕರಗಿತು. ಪಟ್ಟಿಯ ತುದಿಯಲ್ಲಿ ಸೀರಮ್ ಅಮೈಲಾಯ್ಡ್ ಎ ಮತ್ತು ಹ್ಯಾಪ್ಟೊಗ್ಲೋಬಿನ್ ಹೊಳೆಯುತ್ತಿದ್ದವು. ಎರಡು ವಾರ ಕುಣಿದೆ. ಆಮೇಲೆ ಮಾಗ್ ಪೆಪ್ಟೈಡ್ (ನರತಂತುಗಳ ಹೊದಿಕೆಯಾದ ಮಯಲಿನ್‌ನ ಒಂದು ಪ್ರೋಟೀನ್ ತುಣುಕು, ಇಎಇ ಬರಿಸುವುದು ಇದೇ) ಇಲ್ಲದೆ ಬರೀ ಸಿಎಫ್‌ಎ (ಸತ್ತ ಕ್ಷಯದ ಬ್ಯಾಕ್ಟೀರಿಯಾ ಬೆರೆತ ಎಣ್ಣೆ) ಮತ್ತು ಪರ್ಟುಸಿಸ್ ಟಾಕ್ಸಿನ್ (ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ವಿಷ) ಕೊಟ್ಟ ಇಲಿಗಳನ್ನು ನೋಡಿದರೆ, ಬಾಲ ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದ ಅವುಗಳಲ್ಲೂ ಅವೇ ಪ್ರೋಟೀನ್‌ಗಳು ಅಷ್ಟೇ ಏರಿದ್ದವು. ನಾನು ಅಳೆದದ್ದು ಮೆದುಳಿನ ರೋಗವನ್ನಲ್ಲ, ಚರ್ಮದಡಿ ಚುಚ್ಚಿದ್ದ ಕ್ಷಯದ ಬ್ಯಾಕ್ಟೀರಿಯಾದ ಪುಡಿಯನ್ನು. ಏನೂ ಕೊಡದ ಇಲಿಯನ್ನು ಹೋಲಿಕೆಗೆ ಇಟ್ಟುಕೊಂಡವರ ‘ಬಯೋಮಾರ್ಕರ್’ ಪಟ್ಟಿಯನ್ನು ನಾನು ಅಂದಿನಿಂದ ಓದುವುದಿಲ್ಲ.

ಹಾಗಾಗಿ ನರತಂತು ಮುರಿದಾಗ ಹೆಚ್ಚಾಗಿ ಸೋರುವ ನ್ಯೂರೋಫಿಲಮೆಂಟ್ ಲೈಟ್‌ಗೆ ಬಂದೆ. ಮೆದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವದ ಆಸೆಯೂ ಇತ್ತು. ಕತ್ತಿನ ಹಿಂದೆ ತಲೆಬುರುಡೆಯ ತಳದಲ್ಲಿ ಆ ದ್ರವ ತುಂಬಿರುವ ಸಿಸ್ಟರ್ನಾ ಮ್ಯಾಗ್ನಾದಿಂದ ಒಂದು ಇಲಿಗೆ ಐದಾರು ಮೈಕ್ರೋಲೀಟರ್, ಕೈ ಪಳಗಿದ ಮೇಲೆ ಎಂಟು. ಗಾಜಿನ ಕೊಳವೆಯಲ್ಲಿ ಕೂದಲೆಳೆಯಷ್ಟು ಗುಲಾಬಿ ಬಣ್ಣ ಕಂಡರೂ, ಅಂದರೆ ರಕ್ತ ಬೆರೆತಿದ್ದರೂ, ಅದು ಕಸದ ಬುಟ್ಟಿಗೆ. ಇಪ್ಪತ್ತು ಇಲಿಗಳಲ್ಲಿ ಬಳಸಬಹುದಾದದ್ದು ಹನ್ನೊಂದೋ ಹನ್ನೆರಡೋ. ಅದೂ ಇಲಿಯ ಕೊನೆಯ ದಿನ ಒಮ್ಮೆ ಮಾತ್ರ. ಕೈಬಿಟ್ಟೆ.

ರಕ್ತಕ್ಕೆ ಲೆಕ್ಕ ಹೀಗೆ ಹಾಕಿದೆ. 20 ಗ್ರಾಂ ಇಲಿಯಲ್ಲಿ ಇರುವುದೇ ಒಂದೂವರೆ ಮಿಲಿಲೀಟರ್. ಎರಡು ವಾರದಲ್ಲಿ ಅದರ ಹತ್ತನೇ ಒಂದು ಭಾಗ ದಾಟಬಾರದು. ಸಲಕ್ಕೆ 30 ಮೈಕ್ರೋಲೀಟರ್ ತೆಗೆದರೆ ಸೀರಮ್ 12ರ ಆಸುಪಾಸು. ಇಮ್ಯುನೈಸ್ ಮಾಡುವ ಮೊದಲು ಒಮ್ಮೆ, ನಂತರ 7, 10, 14, 21, 28ನೇ ದಿನ. ಕಾಲಿನ ಸಫೀನಸ್ ನಾಳದಿಂದ ಶುರು ಮಾಡಿ ತಪ್ಪು ಮಾಡಿದೆ. ಹಿಂಗಾಲು ಸೋತ ಇಲಿಯಲ್ಲಿ ರಕ್ತ ಜಿನುಗುವುದೇ ನಿಧಾನ, ಹಿಂಡಿದರೆ ಕಣಗಳು ಒಡೆಯುತ್ತವೆ. ಮೊದಲ ತಂಡದ ಇಲಿಗಳ ಮೂರನೇ ಒಂದು ಭಾಗದಷ್ಟು ಸೀರಮ್ ಕೆಂಪಾಗಿ ಹಾಳಾಯಿತು. ಕೆನ್ನೆಯ ನಾಳಕ್ಕೆ ಬದಲಾಯಿಸಿದ ಮೇಲೆ ಸರಿಹೋಯಿತು. ಹಿಡಿಯುವ ಬಗೆಯಲ್ಲಿ ಒಂದು ಕೈಚಳಕವಿದೆ. ಅದನ್ನು ಕಲಿಯಲು ನನಗೆ ಎಂಟು ತಿಂಗಳು ಬೇಕಾಯಿತು, ಇಲ್ಲಿ ಒಂದು ಸಾಲಿನಲ್ಲಿ ಬಿಟ್ಟುಕೊಡಲಾರೆ.

ಇದರ ನಡುವೆ ಇನ್ನೊಂದು ಪೆಟ್ಟು. ಒಂದು ತಂಡದಲ್ಲಿ ಹತ್ತರಲ್ಲಿ ನಾಲ್ಕು ಇಲಿಗಳಿಗೆ ಮಾತ್ರ ರೋಗ ಬಂತು. ಎಲ್ಲರೂ ರಕ್ತ ತೆಗೆದದ್ದನ್ನೇ ದೂರಿದರು. ನಿಜವಾದ ಕಳ್ಳ ಎಮಲ್ಷನ್, ಅಂದರೆ ಚುಚ್ಚಲು ಪೆಪ್ಟೈಡ್ ಮತ್ತು ಸಿಎಫ್‌ಎ ಕಡೆದು ಮಾಡಿದ ಮಿಶ್ರಣ. ಅಂದು ಅವಸರದಲ್ಲಿದ್ದ ನಾನು ನೀರಿನ ಮೇಲೆ ಹನಿ ಬಿಟ್ಟು ನೋಡಿರಲಿಲ್ಲ. ಉಳಿದದ್ದನ್ನು ಆಮೇಲೆ ಬಿಟ್ಟರೆ ಹನಿ ಗಟ್ಟಿಯಾಗಿ ನಿಲ್ಲದೆ ಹಾಲಿನಂತೆ ಹರಡಿಕೊಂಡಿತು. ಮುಂದಿನ ಸಲ ಎಂಟು ಇಲಿಗಳಿಂದ ರಕ್ತ ತೆಗೆದೆ, ಎಂಟನ್ನು ಮುಟ್ಟದೆ ಬಿಟ್ಟೆ, ರೋಗ ಎಷ್ಟು ತೀವ್ರ ಎಂದು ಸ್ಕೋರ್ ಹಾಕುವವರಿಗೆ ಯಾವುದು ಯಾವುದೆಂದು ಹೇಳಲಿಲ್ಲ. ಬಾಲ ಸೋತ ದಿನ ಎರಡು ಗುಂಪಿನಲ್ಲೂ 11–12, ಗರಿಷ್ಠ ಸ್ಕೋರ್ ಮೂರರ ಹತ್ತಿರ. ಮೊದಲ ಆಕ್ಷೇಪ ಅಲ್ಲಿಗೆ ಮುಗಿಯಿತು.

ಎರಡನೆಯದಕ್ಕೆ ಹೆಚ್ಚು ಹೆಣಗಿದೆ. ಪ್ರತಿಕಾಯ ಬಳಸಿ ಪ್ರೋಟೀನ್ ಅಳೆಯುವ ಸಾಮಾನ್ಯ ಎಲೈಸಾ ಪರೀಕ್ಷೆಯಲ್ಲಿ ಆರೋಗ್ಯವಂತ ಇಲಿಯ ಮಟ್ಟ ಕಾಣಲೇ ಇಲ್ಲ. ಅದಕ್ಕಿಂತ ಬಹಳ ಕಡಿಮೆ ಮಟ್ಟವನ್ನೂ ಅಳೆಯುವ ಸಿಮೋವಾ ಪರೀಕ್ಷೆಗೆ ಹೋದೆ. ಮನುಷ್ಯರಿಗೆಂದು ಮಾಡಿದ ಪ್ರತಿಕಾಯಗಳೇ ಇಲಿಯ ಪ್ರೋಟೀನನ್ನೂ ಹಿಡಿಯುತ್ತವೆ. ಆದರೆ ಒಂದು ಪ್ಲೇಟಿನ ಬೆಲೆಗೆ ಒಂದಿಡೀ ತಂಡ ಇಲಿಗಳನ್ನು ತರಿಸಿ ಸಾಕಬಹುದು. ಆ ಪ್ಲೇಟನ್ನು ನಾನು ಕೈಪಿಡಿಯಂತೆ ನಾಲ್ಕು ಪಟ್ಟು ತೆಳು ಮಾಡಿ ಹಾಕಿದೆ. ರೋಗದ ತುದಿಯಲ್ಲಿದ್ದ ಇಲಿಗಳೆಲ್ಲ ಅಳತೆಯ ಮೇಲಂಚನ್ನು ದಾಟಿದವು. ಪ್ಲೇಟೂ ಹೋಯಿತು, ಸೀರಮೂ ಹೋಯಿತು. ಇಪ್ಪತ್ತು ಪಟ್ಟು ಮಾಡಿದಾಗ ಎರಡೂ ತುದಿ ಒಳಗೆ ಬಂದವು. ಬಾವಿಗೆ ಆರು ಮೈಕ್ರೋಲೀಟರ್ ಸೀರಮ್ ಸಾಕು. ಒಂದೇ ಸೀರಮನ್ನು ಎರಡು ಬಾವಿಗಳಲ್ಲಿ ಅಳೆಯುವುದನ್ನು ಬಿಟ್ಟುಕೊಟ್ಟೆ, ಬದಲಿಗೆ ಪ್ರತಿ ಪ್ಲೇಟಿನಲ್ಲಿ ಒಂದೇ ಬೆರಕೆ ಸೀರಮನ್ನು ಮೂರು ಕಡೆ ಇಟ್ಟೆ. ಅವು 10 ಶೇಕಡಾಕ್ಕಿಂತ ಹೆಚ್ಚು ಬೇರೆಯಾದರೆ ಆ ಪ್ಲೇಟನ್ನು ನಂಬುವುದಿಲ್ಲ. ಒಂದೇ ಇಲಿಯ ಆರೂ ದಿನಗಳ ಸೀರಮ್ ಒಂದೇ ಪ್ಲೇಟಿನಲ್ಲಿರಬೇಕು, ಇದರಲ್ಲಿ ರಾಜಿಯಿಲ್ಲ.

ಇಮ್ಯುನೈಸ್ ಮಾಡುವ ಮೊದಲಿನ ಮಟ್ಟ ಮಿಲಿಲೀಟರಿಗೆ ನೂರು ಪಿಕೋಗ್ರಾಂ ಆಸುಪಾಸು, ರೋಗದ ತುದಿಯಲ್ಲಿ ಎರಡು ಮೂರು ಸಾವಿರ. ಬರೀ ಸಿಎಫ್‌ಎ ಕೊಟ್ಟವು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಅದನ್ನು ನೋಡಿದ ದಿನ ನಾನು ಬೇಗ ಮನೆಗೆ ಹೋದೆ.

ಮಯಲಿನ್ ಕಳಚುವ ಕ್ಯುಪ್ರಿಝೋನ್ ಎಂಬ ರಾಸಾಯನಿಕ ತಿನ್ನಿಸಿದ ಇಲಿಗಳಲ್ಲೂ ಆಸೆಗೆ ಒಮ್ಮೆ ಅಳೆದೆ. ಆಹಾರದಲ್ಲಿ 0.2 ಶೇಕಡಾ, ಐದು ವಾರ. ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್‌ನಲ್ಲಿ ಮಯಲಿನ್ ಬೋಳಾಗಿತ್ತು, ಆದರೂ ರಕ್ತದಲ್ಲಿ ಇಎಇಯ ಎದುರು ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ಇಲಿಗಳ ಸಂಖ್ಯೆ ಕಡಿಮೆ, ಮುಂದುವರಿಸಲಿಲ್ಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಎರಡು ಇಲಿಗಳು, ಎಡಕಿವಿಗೆ ಗುರುತಿದ್ದದ್ದು ಮತ್ತು ಬಲಕಿವಿಗೆ ಗುರುತಿದ್ದದ್ದು. 14ನೇ ದಿನ ಎರಡರ ಸ್ಕೋರೂ ಎರಡೂವರೆ. ಎರಡೂ ಹಿಂಗಾಲು ಎಳೆಯುತ್ತ ತೊಟ್ಟಿಯ ತಳದಲ್ಲಿಟ್ಟ ಮೆದು ಆಹಾರದ ಕಡೆ ಒಂದೇ ರೀತಿ ತೆವಳುತ್ತಿದ್ದವು. ರಕ್ತದಲ್ಲಿ ಮಾತ್ರ ಎಡಕಿವಿಯದ್ದಕ್ಕೆ ಬಲಕಿವಿಯದ್ದರ ಮೂರು ಪಟ್ಟು. 28ನೇ ದಿನ ಬೆನ್ನುಹುರಿಯ ಸೊಂಟದ ಭಾಗವನ್ನು, ಹಾನಿಯಾದ ನರತಂತುಗಳನ್ನು ತೋರಿಸುವ ಎಸ್‌ಎಂಐ-32 ಪ್ರತಿಕಾಯ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟೆವು. ಎಡಕಿವಿಯದ್ದರಲ್ಲಿ ಊದಿಕೊಂಡ ನರತಂತುಗಳು ಅಂಚಿನುದ್ದಕ್ಕೂ ಚುಕ್ಕಿಚುಕ್ಕಿಯಾಗಿ ಕಂಡವು, ಬಲಕಿವಿಯದ್ದರಲ್ಲಿ ಹುಡುಕಬೇಕಾಯಿತು. ಬೆಟ್ಟದ ಗಾದೆ ಹೇಳಿದ್ದ ಹಿರಿಯರು ಎರಡು ಸ್ಲೈಡುಗಳನ್ನೂ ಅದಲುಬದಲು ಮಾಡಿಟ್ಟು ಮತ್ತೆ ಎಣಿಸಿದರು.